ದುರ್ಯೋಧನ ಯಾರ ಪಾಲಿಗೆ?

ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ನಾಗಮಂಗಲ, ಕೆ.ಆರ್. ಪೇಟೆ ಸೀಮೆಯ ಊರುಗಳಲ್ಲಿ ಒಂದು ರಾತ್ರಿ ಗುಡಿಯ ಜಗುಲಿಯ ಮೇಲೆ ಸಭೆ ಸೇರುತ್ತದೆ. ನಡುವೆ ಕೂತವನ ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಎಡಗಡೆ ಪಾತ್ರಗಳ ಹೆಸರು, ಬಲಗಡೆ ದುಡ್ಡಿನ ಅಂಕಿ. ನಕುಲ, ಸಹದೇವರ ಹೆಸರು ಬೇಗ ದಾಟಿಹೋಗುತ್ತವೆ. ಭೀಮನ ಹತ್ತಿರ ಸ್ವಲ್ಪ ಎಳೆದಾಟ. ಕೃಷ್ಣನನ್ನು ಇಬ್ಬರಿಗೆ ಹಂಚಿ, ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಬರೆದುಕೊಂಡು ಮನಸ್ತಾಪ ತಪ್ಪಿಸುತ್ತಾರೆ. ದುರ್ಯೋಧನನ ಹೆಸರು ಬಂದಾಗ ಮಾತ್ರ ಜಗುಲಿ ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ನಾಲ್ಕು ಕಡೆಯಿಂದ ದನಿ ಏಳುತ್ತದೆ. "ಹೋದ ಸಲ ನೀನೇ ಮಾಡಿದ್ದೆ, ಈ ಸಲ ನಂಗೆ ಬಿಡು ಕಣಣ್ಣ."

ಬಲಗಡೆಯ ಅಂಕಿ ಪಾತ್ರಧಾರಿಗೆ ಸಿಗುವ ಸಂಭಾವನೆ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಅದು ಪಾತ್ರಧಾರಿ ಕೊಡಬೇಕಾದ ದುಡ್ಡು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ಸಣ್ಣ ಪಾತ್ರಕ್ಕೆ ಸಣ್ಣದು. ಲೆಕ್ಕ ಊರಿಂದೂರಿಗೆ ಬೇರೆ. ಆದರೆ ಕ್ರಮ ಒಂದೇ: ನೋಡುವವರು ಪುಕ್ಕಟೆ ನೋಡುತ್ತಾರೆ, ಆಡುವವರು ಕೈಯಿಂದ ಹಾಕಿ ಆಡುತ್ತಾರೆ.

ಸಣ್ಣ ಊರಿನ ಹಳೆಯ ಥಿಯೇಟರ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಟಾಕೀಸು. ಬಣ್ಣ ಮಾಸಿದ ಗೋಡೆ, ಕಬ್ಬಿಣದ ಸರಳಿನ ಟಿಕೆಟ್ ಕಿಂಡಿ, ಗೇಟಿನ ಪಕ್ಕ ಕಡ್ಲೇಕಾಯಿ ಗಾಡಿ. ಅದರ ಕಥೆಯನ್ನೂ ಹೇಳುತ್ತೇನೆ. ಆದರೆ ಆದಿಚುಂಚನಗಿರಿಯ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದಲ್ಲಿ, ನಿಜಕ್ಕೂ ಹಳೆಯದಾಗಿದ್ದು ಇಂದಿಗೂ ಉಸಿರಾಡುತ್ತಿರುವ ರಂಗಮಂದಿರಕ್ಕೆ ಗೋಡೆಯಿಲ್ಲ. ಅದು ಸಂಜೆ ಲಾರಿಯಲ್ಲಿ ಬರುತ್ತದೆ, ಬೆಳಗ್ಗೆ ಲಾರಿಯಲ್ಲಿ ಹೋಗುತ್ತದೆ. ಅದು ಹೇಗೆ ಉಳಿಯಿತು, ಗೋಡೆಯಿದ್ದದ್ದು ಹೇಗೆ ಬಿತ್ತು ಎಂಬುದಕ್ಕೆ ಉತ್ತರ ಆ ನೋಟ್‌ಬುಕ್ಕಿನ ಬಲಗಡೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಈ ಮಣ್ಣಿಗೂ ನಾಟಕಕ್ಕೂ ಇರುವ ನಂಟು ಬಹಳ ಹಳೆಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ 'ಮಿತ್ರವಿಂದಾ ಗೋವಿಂದ' ಹುಟ್ಟಿದ್ದು ಶ್ರೀರಂಗಪಟ್ಟಣದ ಆಸ್ಥಾನದಲ್ಲಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸಿಂಗರಾರ್ಯ ಅದನ್ನು ಬರೆದ. ಹರ್ಷನ ಸಂಸ್ಕೃತ 'ರತ್ನಾವಳಿ'ಯ ಎಳೆ ಹಿಡಿದು, ಅಲ್ಲಿನ ರಾಜನ ಜಾಗದಲ್ಲಿ ಕೃಷ್ಣನನ್ನು ತಂದು ನಿಲ್ಲಿಸಿದ ಕೃತಿ ಅದು. ಅರಮನೆಯ ಆ ನಾಟಕ ಊರಿನ ಬಯಲಿಗೆ ಇಳಿಯಲಿಲ್ಲ. ಊರಿನ ಬಯಲಿನಲ್ಲಿ ಆಗ ಇದ್ದದ್ದು ಮೂಡಲಪಾಯ: ಭಾಗವತನ ಹಾಡು, ಮುಖವೀಣೆಯ ದನಿ, ಮೃದಂಗ, ಭುಜಕೀರ್ತಿ ಕಟ್ಟಿದ ವೇಷ, ರಾತ್ರಿಯಿಡೀ ಕುಣಿತ. ಕರಾವಳಿಯ ಯಕ್ಷಗಾನದ ಹೆಸರು ಕೇಳಿದಷ್ಟು ಜನ ಬಯಲುಸೀಮೆಯ ಈ ಯಕ್ಷಗಾನದ ಹೆಸರು ಕೇಳಿಲ್ಲ. ಅದರ ಭಾಗವತರನ್ನು ಹುಡುಕಿಕೊಂಡು ಹೋಗಿ, ಅದು ಉಳಿಯಲೆಂದು ದುಡಿದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಇದೇ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು.

ಮೂಡಲಪಾಯವನ್ನು ಹಿಂದಕ್ಕೆ ತಳ್ಳಿದ್ದು ಸಿನಿಮಾ ಅಲ್ಲ, ಕಂಪನಿ ನಾಟಕ. 1880ರ ಆಸುಪಾಸಿನಲ್ಲಿ ಪಾರ್ಸಿ ಮತ್ತು ಸಾಂಗ್ಲಿಯ ನಾಟಕ ಮಂಡಳಿಗಳು ಮೈಸೂರಿಗೆ ಬಂದು ಆಡಿದವು. ಮೇಲಕ್ಕೆ ಸುತ್ತಿಕೊಳ್ಳುವ ಪರದೆ, ದೂರದ ಅರಮನೆ ನಿಜವಾಗಿ ದೂರವಿದ್ದಂತೆ ಕಾಣುವ ಚಿತ್ರ, ಹಾರ್ಮೋನಿಯಂ: ಇವನ್ನು ಕಂಡ ಮೈಸೂರು ಬೆರಗಾಯಿತು. ಅರಮನೆಯಲ್ಲೇ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡಕ್ಕೆ ತಂದರು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಯಿತು. ಮುಂದೆ ಮೈಸೂರಿನಲ್ಲಿ ವರದಾಚಾರ್ಯರು ಕಟ್ಟಿದ ಕಂಪನಿಯ ಹೆಸರೂ 'ರತ್ನಾವಳಿ'. ಇನ್ನೂರು ವರ್ಷ ಹಿಂದೆ ಶ್ರೀರಂಗಪಟ್ಟಣದಲ್ಲಿ ಸಿಂಗರಾರ್ಯ ಎದುರಿಗಿಟ್ಟುಕೊಂಡು ಬರೆದ ಕೃತಿಯ ಹೆಸರು ಕಂಪನಿಯ ಫಲಕದಲ್ಲಿ ಮತ್ತೆ ಕಾಣಿಸಿಕೊಂಡದ್ದು ನನಗೆ ತುಂಬ ಇಷ್ಟದ ಸಂಗತಿ.

ಆ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಬಂದಿತ್ತು. ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೇ ಹಾಯುವ ಹಾದಿ ಅದು. ಪರದೆ, ಕಿರೀಟ, ಅಡುಗೆ ಪಾತ್ರೆ, ಹೆಂಡತಿ ಮಕ್ಕಳು ಸಮೇತ ಓಡಾಡುವ ಕಂಪನಿಗೆ ರೈಲು ದೊಡ್ಡ ಅನುಕೂಲ. ನಾಗಮಂಗಲ, ಕೆ.ಆರ್. ಪೇಟೆ ಆ ಹಾದಿಯಿಂದ ದೂರ ಉಳಿದವು. ಆದಿಚುಂಚನಗಿರಿಯ ಬುಡದ ಬಿ.ಜಿ. ನಗರಕ್ಕೆ ರೈಲು ಬಂದದ್ದು 2017ರಲ್ಲಿ, ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹಾದಿ ತೆರೆದಾಗ. ಕಂಪನಿಗೆ ಬರಲು ಕಷ್ಟವಾದ ಕಡೆ ಜನ ನಾಟಕವನ್ನು ತಾವೇ ಆಡಲು ಕಲಿತದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಕಲಿಸಿದವರು ಯಾರು? ಇಲ್ಲೇ ಕಥೆಯ ತಿರುವು. 1934ರ ಮಾರ್ಚ್ 3ರಂದು ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಗೆ ಬಂತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ಕಂಪನಿ ನಾಟಕದವರೇ. ಇಪ್ಪತ್ತು ವರ್ಷದ ಮೇಲೆ ಬಂದ 'ಬೇಡರ ಕಣ್ಣಪ್ಪ' ಕೂಡ ಗುಬ್ಬಿ ಕಂಪನಿಯ ರಂಗದಿಂದಲೇ ಎದ್ದು ಹೋದದ್ದು. ಅದರ ನಾಯಕ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಸಿನಿಮಾ ಬೆಳೆದಷ್ಟೂ ಕಂಪನಿಗಳು ಸೊರಗಿದವು, ಒಂದೊಂದಾಗಿ ಮುರಿದವು. ದೊಡ್ಡ ನಟರಿಗೆ ಮದರಾಸಿನ ಸ್ಟುಡಿಯೋಗಳಿದ್ದವು. ಹಾರ್ಮೋನಿಯಂ ನುಡಿಸುತ್ತಿದ್ದವರಿಗೆ, ಎರಡನೇ ಸಾಲಿನ ನಟರಿಗೆ, ಪರದೆ ಬರೆಯುತ್ತಿದ್ದವರಿಗೆ ಏನಿತ್ತು? ಅವರು ಹಳ್ಳಿಗಳಿಗೆ ಬಂದರು. ಪೆಟ್ಟಿಗೆಯಲ್ಲಿ ಹಳೆಯ ನಾಟಕದ ಪುಸ್ತಕ, ಬೆರಳಲ್ಲಿ ನೂರಾರು ಮಟ್ಟು. ಊರಿನವರು ಅವರನ್ನು ನಾಟಕದ ಮೇಷ್ಟ್ರು ಎಂದು ಕರೆದರು. ಊಟ ಹಾಕಿ, ಮಲಗಲು ಜಾಗ ಕೊಟ್ಟು, ಎರಡು ಮೂರು ತಿಂಗಳು ರಾತ್ರಿ ಹೊತ್ತು ಪಾಠ ಹೇಳಿಸಿಕೊಂಡರು. ಸಿನಿಮಾ ಕಂಪನಿಯನ್ನು ಮುರಿಯಿತು ನಿಜ, ಆದರೆ ಕಂಪನಿಯ ಬೀಜ ಊರೂರಿಗೆ ಚೆಲ್ಲಿದ್ದು ಆ ಮುರಿತದಿಂದಲೇ.

ಈಗ ಟಾಕೀಸಿನ ಮಾತು. ಮೊದಲು ಬಂದದ್ದು ಟೆಂಟು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಸಂಜೆ ಘಂಟಸಾಲರ ವೆಂಕಟೇಶ್ವರ ಭಕ್ತಿಗೀತೆ ಧ್ವನಿವರ್ಧಕದಲ್ಲಿ ಕೇಳಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದು ಅರ್ಥ. ಗದ್ದೆಯಲ್ಲಿದ್ದವರು ಕೈಕಾಲು ತೊಳೆದುಕೊಂಡು ಓಡುತ್ತಿದ್ದರು. ಪ್ರೊಜೆಕ್ಟರಿನೊಳಗೆ ಎರಡು ಕಾರ್ಬನ್ ಕಡ್ಡಿಗಳ ತುದಿ ತಾಕಿ ತಾಕದಂತೆ ನಿಂತು ಬೆಂಕಿ ಉರಿಯುತ್ತಿತ್ತು. ಅದರ ಬೆಳಕು ಕನ್ನಡಿಗೆ ಬಿದ್ದು, ಸೆಕೆಂಡಿಗೆ 24 ಚಿತ್ರದಂತೆ ಓಡುವ ರೀಲಿನ ಮೂಲಕ ಪರದೆಗೆ ಹೋಗುತ್ತಿತ್ತು. ಕಡ್ಡಿ ಸವೆದಂತೆ ಕೈಯಿಂದ ಮುಂದಕ್ಕೆ ತಿರುಗಿಸಬೇಕು, ಮರೆತರೆ ಪರದೆ ಕಂದಿ ಕತ್ತಲಾಗುತ್ತದೆ. ಟೆಂಟಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಮುಂದೇನಾಗಬಹುದು ಎಂದು ಇಡೀ ನೆಲದ ದರ್ಜೆ ಚರ್ಚೆ ಮಾಡುತ್ತಿತ್ತು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದಿತ್ತು. ನಾಲೆ ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಮಂಡ್ಯದ ಸಕ್ಕರೆ ಕಾರ್ಖಾನೆ, ಮುಂದೆ ಪಾಂಡವಪುರದ ಕಾರ್ಖಾನೆ. ಕೈಯಲ್ಲಿ ನಗದು ಆಡತೊಡಗಿದ ಮೇಲೆ ಟೆಂಟಿನ ಜಾಗದಲ್ಲಿ ಗೋಡೆ ಎದ್ದವು. ಟಾಕೀಸು ಆ ಕಾಲದಲ್ಲಿ ಊರಿನ ನಡುಗಂಬದಂತಿತ್ತು. ಮಂಡ್ಯದಲ್ಲಿ ಇವತ್ತಿಗೂ ಆಟೋದವರಿಗೆ ಸಂಜಯ ಸರ್ಕಲ್, ಮಹಾವೀರ ಸರ್ಕಲ್ ಎಂದರೆ ಸಾಕು. ಎರಡೂ ಚಿತ್ರಮಂದಿರದ ಹೆಸರುಗಳೇ.

ಬಿದ್ದದ್ದು ಹಂತ ಹಂತವಾಗಿ. ಟೀವಿ ಬಂತು. ನಂತರ ರೀಲು ಹೋಗಿ ಡಿಜಿಟಲ್ ಬಂತು, ಹೊಸ ಯಂತ್ರಕ್ಕೆ ದುಡ್ಡು ಹಾಕಲಾಗದವರು ಬಾಗಿಲು ಹಾಕಿದರು. ಮೊಬೈಲು ಬಂತು. 2020ರ ಮಾರ್ಚಿನಲ್ಲಿ ಕೊರೊನಾ ಎಲ್ಲರ ಬಾಗಿಲನ್ನೂ ಹಾಕಿಸಿತು, ಕೆಲವು ಮತ್ತೆ ತೆರೆಯಲೇ ಇಲ್ಲ. ಮೈಸೂರಿನ ಶಾಂತಲಾ ಚಿತ್ರಮಂದಿರ ಮುಚ್ಚಿದ್ದು ಆ ವರ್ಷವೇ. ಮೈಸೂರಿನಲ್ಲೇ ಹೀಗಾದರೆ ತಾಲ್ಲೂಕು ಕೇಂದ್ರದ ಟಾಕೀಸಿನ ಪಾಡು ಊಹಿಸಿ. ಕಲ್ಯಾಣ ಮಂಟಪವಾದರೆ ಅದೃಷ್ಟ, ಗೊಬ್ಬರದ ಗೋದಾಮಾದರೂ ಸರಿ, ಇಲ್ಲವಾದರೆ ಸೈಟು.

ಟಾಕೀಸಿನ ಬದುಕು ನಿಂತಿದ್ದದ್ದು ನೋಡುವವನ ಜೇಬಿನ ಮೇಲೆ. ನೋಡುವವನಿಗೆ ಮನೆಯಲ್ಲೇ ನೋಡಲು ಸಿಕ್ಕ ದಿನ ಅವನು ಬರುವುದನ್ನು ಬಿಟ್ಟ. ಅವನದೇನೂ ತಪ್ಪಿಲ್ಲ. ಹಳ್ಳಿಯ ನಾಟಕ ನಿಂತಿರುವುದು ಆಡುವವನ ಆಸೆಯ ಮೇಲೆ. ದುರ್ಯೋಧನನನ್ನು ಮೊಬೈಲಿನಲ್ಲಿ ನೋಡಬಹುದು, ಆದರೆ ಮೊಬೈಲಿನಲ್ಲಿ ದುರ್ಯೋಧನನಾಗಲು ಬರುವುದಿಲ್ಲ. ವರ್ಷವಿಡೀ ಟ್ರ್ಯಾಕ್ಟರ್ ಓಡಿಸಿದವನು, ಸೊಸೈಟಿಯಲ್ಲಿ ಸಾಲಕ್ಕೆ ಕೈಕಟ್ಟಿ ನಿಂತವನು, ಒಂದು ರಾತ್ರಿ ತನ್ನ ಊರಿನ ಎದುರಿಗೆ, ತನ್ನ ಹೆಂಡತಿ ಮಕ್ಕಳು ನೋಡುವಂತೆ, ಕಿರೀಟ ಇಟ್ಟು ಗದೆ ಹಿಡಿದು ಯಾರಿಗೂ ತಲೆಬಾಗದೆ ನಿಲ್ಲಬೇಕು. ಆ ಒಂದು ರಾತ್ರಿಗಾಗಿ ಅವನು ದುಡ್ಡು ಕೂಡಿಡುತ್ತಾನೆ. ಈ ಆಸೆಗೆ ಟೀವಿ ಪೈಪೋಟಿ ಕೊಡಲಾರದು. ಈಚಿನ ವರ್ಷಗಳಲ್ಲಿ ಯೂಟ್ಯೂಬು ಆ ಆಸೆಯನ್ನು ಇನ್ನೂ ಹೆಚ್ಚಿಸಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರು ರಜೆ ಹಾಕಿ ಬಂದು ಅಭಿಮನ್ಯುವಾಗುತ್ತಾರೆ. ಇಡೀ ರಾತ್ರಿಯ ಆಟ ಬೆಳಗಾಗುವುದರೊಳಗೆ ಊರು ಬಿಟ್ಟವರ ಫೋನಿಗೆ ತಲುಪಿರುತ್ತದೆ. ನಾನು ಪುನರುಜ್ಜೀವನ ಎನ್ನುವುದು ಇದಕ್ಕೆ.

ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಎಂಬ ದೊಡ್ಡ ಅಕ್ಷರದ ಕೆಳಗೆ ಎಲ್ಲ ಪಾತ್ರಧಾರಿಗಳ ಫೋಟೋ ಇರುವ ಫ್ಲೆಕ್ಸು ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಟದ ದಿನ ಮಧ್ಯಾಹ್ನ ಡ್ರಾಮಾ ಸೀನರಿಯ ಲಾರಿ ಬರುತ್ತದೆ. ಗಳು ನೆಟ್ಟು, ಹಲಗೆ ಹಾಸಿ, ಸೈಡ್ ವಿಂಗು ಕಟ್ಟಿ, ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆಗಳನ್ನು ಒಂದರ ಹಿಂದೊಂದು ಹಗ್ಗಕ್ಕೆ ಏರಿಸುತ್ತಾರೆ. ಪಾರ್ಸಿ ಕಂಪನಿ ಮೈಸೂರಿಗೆ ತಂದ ಪರದೆಯ ಜಾಣತನ ಇಂದು ಮಾಯಸಂದ್ರದ ಹಾದಿಯಲ್ಲೋ ಕಿಕ್ಕೇರಿಯ ಹಾದಿಯಲ್ಲೋ ಗೋಣಿಯಲ್ಲಿ ಸುತ್ತಿಕೊಂಡು ಓಡಾಡುತ್ತಿದೆ. ಬಟ್ಟೆಗೆ ಕೈಯಿಂದ ಬರೆದ ಪರದೆ ಕಡಿಮೆಯಾಗುತ್ತಿದೆ, ಅಚ್ಚು ಹಾಕಿದ ಫ್ಲೆಕ್ಸು ಬರುತ್ತಿದೆ; ಕೆಲವು ಕಡೆ ಹಿಂದೆ ಎಲ್‌ಇಡಿ ಪರದೆಯನ್ನೇ ನಿಲ್ಲಿಸುತ್ತಾರೆ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು, ಆದ್ದರಿಂದ ಹೊಸತಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೈಯಿಂದ ಬರೆದ ಕಾಡಿನ ಪರದೆಯ ಮುಂದೆ ಪೆಟ್ರೋಮ್ಯಾಕ್ಸು ಬೆಳಕಿನಲ್ಲಿ ಪಾಂಡವರು ನಡೆದದ್ದನ್ನು ಕಂಡವರಿಗೆ ಆ ಬಣ್ಣದ ಆಳ ಮರೆಯುವುದಿಲ್ಲ.

ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಮೇಷ್ಟ್ರು. ಕಂಪನಿಯ ಕಾಲದಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇತ್ತು, ಎರಡೂ ಕೈ ಮನೆಗಳ ಮೇಲಿರುತ್ತಿದ್ದವು. ಮೈಕು ಇರದ ದಿನಗಳಲ್ಲಿ ಕೊನೆಯ ಸಾಲಿಗೆ ಕೇಳಬೇಕೆಂದು ಶ್ರುತಿಯನ್ನು ಏರಿಸಿ ಹಾಡುತ್ತಿದ್ದರು. ಮೈಕು ಬಂದು ಎಷ್ಟೋ ಕಾಲವಾದರೂ ಆ ಏರು ಶ್ರುತಿ ಹೋಗಿಲ್ಲ. ಕೇಳುವವರ ಕಿವಿ ಅದಕ್ಕೇ ಒಗ್ಗಿದೆ. ಮಟ್ಟುಗಳಲ್ಲಿ ಹಿಂದೂಸ್ತಾನಿಯೂ ಇದೆ, ಕರ್ನಾಟಕವೂ ಇದೆ. ಮರಾಠಿ, ಪಾರ್ಸಿ ಕಂಪನಿಗಳು ಬಿಟ್ಟು ಹೋದ ರಾಗದ ಎಳೆಗಳಿಗೆ ಇಲ್ಲಿನವರು ತಮ್ಮ ನುಡಿ ಹೊಂದಿಸಿಕೊಂಡರು.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಕಂದ. ಒಂದನೇ ಮತ್ತು ಮೂರನೇ ಸಾಲಿಗೆ ಹನ್ನೆರಡು ಮಾತ್ರೆ, ಎರಡನೇ ಮತ್ತು ನಾಲ್ಕನೇ ಸಾಲಿಗೆ ಇಪ್ಪತ್ತು. ಪಂಪ ರನ್ನರು ತಮ್ಮ ಭಾರತದ ಕಥೆಯನ್ನು ಹೇಳಲು ಬಳಸಿದ ಛಂದಸ್ಸು. ಕಾಲೇಜಿನ ಪಠ್ಯದಲ್ಲಿ ಅದಕ್ಕೆ ಪ್ರಸ್ತಾರ ಹಾಕುತ್ತೇವೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ನಾಗಮಂಗಲದ ಬೆದ್ದಲು ಹೊಲದ ರೈತ ಅದೇ ಕಂದವನ್ನು ಎದೆ ಉಬ್ಬಿಸಿ ಹಾಡುತ್ತಾನೆ, ಜನ ಒನ್ಸ್ ಮೋರ್ ಎಂದು ಕೂಗುತ್ತಾರೆ, ಅವನು ಮತ್ತೊಮ್ಮೆ ಹಾಡುತ್ತಾನೆ. ಗಣದ ಲೆಕ್ಕ ಅಲ್ಲಲ್ಲಿ ಜಾರಿರಬಹುದು. ಸಾವಿರ ವರ್ಷದ ಒಂದು ಛಂದಸ್ಸಿಗೆ ಒನ್ಸ್ ಮೋರ್ ಸಿಗುವ ಜಾಗ ಬೇರೆ ಎಲ್ಲಿದೆ?

ದುರ್ಯೋಧನನೇ ಯಾಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಈ ಸೀಮೆಯಲ್ಲೇ ಇದೆ. ಆದಿಚುಂಚನಗಿರಿಗೆ ಹೋಗುವವರು ಬಸ್ಸಿಳಿಯುವ ಬೆಳ್ಳೂರು ಕ್ರಾಸಿನ ಪಕ್ಕದ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಊರು; ಅವರ ಹೆಸರಿನ ಮೊದಲ ಅಕ್ಷರ ಅದೇ. ಇಂಗ್ಲಿಷ್ ಗೀತಗಳಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದವರೆಂದು ಅವರನ್ನು ನೆನೆಯುತ್ತೇವೆ. ಅವರು ರಂಗಭೂಮಿಗೆ ಕೊಟ್ಟದ್ದೂ ಸಣ್ಣದಲ್ಲ. 1926ರಲ್ಲಿ ರನ್ನನ ಪದ್ಯಗಳನ್ನೇ ನಾಟಕದ ಕಟ್ಟಿಗೆ ಹೊಂದಿಸಿ 'ಗದಾಯುದ್ಧ ನಾಟಕಂ' ಮಾಡಿದರು. 1929ರಲ್ಲಿ ಗ್ರೀಕ್ ಕವಿ ಸೋಫೋಕ್ಲಿಸನ ದುರಂತ ನಾಟಕವೊಂದನ್ನು ಮಹಾಭಾರತಕ್ಕೆ ತಿರುಗಿಸಿ 'ಅಶ್ವತ್ಥಾಮನ್' ಬರೆದರು. ಎದುರಾಳಿಯ ಕಡೆ ನಿಂತವನ ನೋವು, ಸೋಲು ಗೊತ್ತಿದ್ದೂ ಬಿಡದ ಛಲ, ಬಿದ್ದಾಗಲೂ ಕುಂದದ ಘನತೆ: ಬೆಳ್ಳೂರಿನ ಆ ವಿದ್ವಾಂಸರು ದುರ್ಯೋಧನನಲ್ಲಿ ಕಂಡದ್ದು ಇದನ್ನು. ಜಗುಲಿಯ ಮೇಲೆ ನೋಟ್‌ಬುಕ್ಕಿನ ಮುಂದೆ ಕೂತು ದುರ್ಯೋಧನ ನಂಗೇ ಇರಲಿ ಎನ್ನುವವನು ಗ್ರೀಕ್ ನಾಟಕ ಓದಿಲ್ಲ, ರನ್ನನನ್ನೂ ಓದಿಲ್ಲ. ಆದರೆ ಅವನು ಹುಡುಕುತ್ತಿರುವುದು ಅದೇ ಘನತೆಯನ್ನು.

ಈ ನಾಲ್ಕು ತಾಲ್ಲೂಕಿನ ಬರಹಗಾರರ ನಾಟಕಗಳು ಈ ನಾಲ್ಕು ತಾಲ್ಲೂಕಿನ ರಂಗಕ್ಕೆ ಬಾರದಿರುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಮೋಲಿಯೇರನ ಡಂಭಾಚಾರಿಯನ್ನು 'ಆಷಾಢಭೂತಿ'ಯಾಗಿ ಕನ್ನಡಕ್ಕೆ ತಂದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ಏರಿಸಿ ನಾಡೇ ನೋಡುವಂತೆ ಮಾಡಿದರು. ಬಾಲಕನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಕಾರಂತರಿಗೆ ಕಂಪನಿಯ ಹಾಡೂ ಗೊತ್ತಿತ್ತು, ಪು.ತಿ.ನ. ಅವರ ಕಾವ್ಯವೂ ಗೊತ್ತಿತ್ತು. ಜಗುಲಿಯ ನೋಟ್‌ಬುಕ್ಕಿನಲ್ಲಿ ಈ ನಾಟಕಗಳ ಹೆಸರನ್ನು ನಾನು ಕಂಡಿಲ್ಲ. ತಪ್ಪು ಜಗುಲಿಯದೆಂದು ಹೇಳಲಾರೆ. ಕಾಲೇಜುಗಳಲ್ಲಿ ಕನ್ನಡ ಕಲಿಸುವ ನಾವು ಆ ಜಗುಲಿಗೆ ಹೋಗಿ ಕೂತಿಲ್ಲ. ರನ್ನನ ನಾಲ್ಕು ಕಂದಗಳನ್ನು ಮಟ್ಟಿಗೆ ಹೊಂದಿಸಿ ಕೊಡಿ ಮೇಷ್ಟ್ರೇ, ಈ ಸಲದ ಊರುಭಂಗದಲ್ಲಿ ಸೇರಿಸೋಣ ಎಂದು ಕೇಳಿದರೆ ಬೇಡವೆನ್ನುವ ದುರ್ಯೋಧನ ಈ ಸೀಮೆಯಲ್ಲಿ ಸಿಗಲಾರ.

ಹಳೆಯದನ್ನು ಹೊಸದಾಗಿ ನಿಲ್ಲಿಸಿದವರು ನಮ್ಮ ಕಣ್ಣೆದುರಿಗಿದ್ದಾರೆ. ಗುಬ್ಬಿ ಕಂಪನಿಯ 'ಸದಾರಮೆ'ಯಲ್ಲಿ ಕಳ್ಳನ ಪಾತ್ರಕ್ಕೆ ವೀರಣ್ಣನವರು ಹೆಸರಾಗಿದ್ದರು. ಅವರ ಮೊಮ್ಮಗಳು ಬಿ. ಜಯಶ್ರೀ ತಮ್ಮ 'ಸ್ಪಂದನ' ತಂಡದಲ್ಲಿ ಆ ನಾಟಕವನ್ನು ಮತ್ತೆ ಎತ್ತಿ ನಿಲ್ಲಿಸಿ, ಅಜ್ಜನ ಕಳ್ಳನನ್ನು ತಾವೇ ಆಡಿದರು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲೇ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ಭೀಮರ ಪಾತ್ರಗಳಲ್ಲಿ ಗುಡುಗಿದರು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ನಾಗರತ್ನಮ್ಮನವರನ್ನು ನೆನೆದಾಗ ನಮ್ಮ ಊರುಗಳ ರಂಗದ ಹಿಂದೆ ಕೂತಿರುವ ಹೆಣ್ಣುಮಕ್ಕಳ ನೆನಪಾಗುತ್ತದೆ. ಗಂಡಸರು ಪಾತ್ರಕ್ಕೆ ದುಡ್ಡು ಕೊಡುತ್ತಾರೆ. ದ್ರೌಪದಿ, ಕುಂತಿ, ಉತ್ತರೆಯರನ್ನು ಮೈಸೂರಿನಿಂದ, ಮಂಡ್ಯದಿಂದ, ತುಮಕೂರಿನಿಂದ ದುಡ್ಡು ಕೊಟ್ಟು ಕರೆಸುತ್ತಾರೆ. ಆ ಕಲಾವಿದೆಯರು ಇಂದು ಒಂದೂರು, ನಾಳೆ ಇನ್ನೊಂದೂರು. ತಾಲೀಮಿಗೆ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಎಲ್ಲ ನಾಟಕದ ಎಲ್ಲ ಹೆಣ್ಣು ಪಾತ್ರಗಳೂ ಅವರಿಗೆ ಬಾಯಿಪಾಠ. ಎರಡು ತಿಂಗಳು ಕಲಿತ ದುರ್ಯೋಧನ ರಂಗದ ಮಧ್ಯೆ ಮಾತು ಮರೆತು ನಿಂತಾಗ, ಎದುರಿಗಿರುವ ದ್ರೌಪದಿ ತನ್ನ ಮಾತಿನೊಳಗೇ ಅವನ ಮುಂದಿನ ಸಾಲನ್ನು ಸೇರಿಸಿ ಎತ್ತಿಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜನಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗದಂತೆ ಮಾಡುವುದೇ ಆಕೆಯ ವಿದ್ಯೆ. ಚಪ್ಪಾಳೆ ಅವನಿಗೆ ಬೀಳುತ್ತದೆ. ಆಟ ಮುಗಿದ ಮೇಲೆ ಟಾರ್ಪಾಲಿನ ಮರೆಯಲ್ಲಿ, ಒಂದು ಕೈಯಲ್ಲಿ ಮೊಬೈಲು ಬೆಳಕು ಹಿಡಿದು ಆಕೆ ಸೀರೆ ಬದಲಿಸಬೇಕು. ಹತ್ತಿರದಲ್ಲಿ ಶೌಚಾಲಯವಿರುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕು.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಹಳೆಯ ಅಪೇರಾ ಹೌಸನ್ನು 2018ರಲ್ಲಿ ಸ್ಯಾಮ್‌ಸಂಗ್ ಕಂಪನಿ ಚೆಂದವಾಗಿ ರಿಪೇರಿ ಮಾಡಿ ತನ್ನ ಮಳಿಗೆಯಾಗಿ ತೆರೆಯಿತು. ಗೋಡೆ ಉಳಿದದ್ದು ಒಳ್ಳೆಯದೇ. ಆಟ ಉಳಿಯುವ ದಾರಿ ಮಾತ್ರ ಬೇರೆ. ಆಟಕ್ಕೆ ಈ ಸೀಮೆಯಲ್ಲಿ ಬೇಕಿರುವುದು ದೊಡ್ಡ ಮಾರ್ಬಲ್ ಭವನವಲ್ಲ. ಜಾತ್ರೆ ಬಯಲಿನ ಅಂಚಿನಲ್ಲಿ ಬಾಗಿಲು, ಚಿಲಕ, ನೀರು, ಕನ್ನಡಿ ಇರುವ ಎರಡು ಕೋಣೆ. ಒಂದು ಕಲ್ಲಿನ ಜಗತಿ. ಮುಚ್ಚಿದ ಟಾಕೀಸಿನ ಕಟ್ಟಡ ಇನ್ನೂ ನಿಂತಿರುವ ಊರಿನಲ್ಲಿ ಅದರ ಒಂದು ಮೂಲೆಯಾದರೂ ಹಳೆಯ ಪರದೆಗಳನ್ನು ಗೆದ್ದಲು ಹಿಡಿಯದಂತೆ ಇಡಲು ಸಿಗಬೇಕು. ಮೇಷ್ಟ್ರುಗಳ ಮಟ್ಟುಗಳನ್ನು ಅವರು ಇರುವಾಗಲೇ, ಗಲಾಟೆಯಿಲ್ಲದ ಕೋಣೆಯಲ್ಲಿ, ಒಂದೊಂದಾಗಿ ನುಡಿಸಿ ದಾಖಲು ಮಾಡಿಕೊಳ್ಳಬೇಕು. ಯೂಟ್ಯೂಬಿನಲ್ಲಿ ರಾತ್ರಿಗಟ್ಟಲೆ ಆಟ ಇದೆ, ಆದರೆ ಅಲ್ಲಿ ಕೀಬೋರ್ಡಿನ ಅಬ್ಬರದಲ್ಲಿ ಹಾರ್ಮೋನಿಯಂ ಕೇಳುವುದಿಲ್ಲ. ಮೂಡಲಪಾಯದ ಮುಖವೀಣೆಯ ಗತಿ ಹಾರ್ಮೋನಿಯಂಗೂ ಬರಬಾರದು.

ಫಾಲ್ಗುಣದಲ್ಲಿ ಆದಿಚುಂಚನಗಿರಿಯ ಜಾತ್ರೆಗೆ ಸುತ್ತಿನ ಊರುಗಳೆಲ್ಲ ಸೇರುತ್ತವೆ. ಬೆಟ್ಟದ ನವಿಲುಗಳು ಕೂಗುವ ಹೊತ್ತಿಗೆ ಕೆಳಗಿನ ಹಳ್ಳಿಗಳಲ್ಲಿ ಆಟ ಕೊನೆಯ ಅಂಕಕ್ಕೆ ಬಂದಿರುತ್ತದೆ. ಚಾಪೆಯ ಮೇಲೆ ಮಲಗಿದ್ದ ಮಕ್ಕಳನ್ನು ಅಭಿಮನ್ಯುವಿಗೆ ಒಮ್ಮೆ, ಗದಾಯುದ್ಧಕ್ಕೆ ಒಮ್ಮೆ ಎಬ್ಬಿಸಿರುತ್ತಾರೆ. ಪೂರ್ವದಲ್ಲಿ ಬೆಳಕು ಹರಿಯುವಾಗ ದುರ್ಯೋಧನನ ತೊಡೆ ಮುರಿಯುತ್ತದೆ. ಅವನು ಬಿದ್ದುಕೊಂಡೇ ಕೊನೆಯ ಕಂದ ಹಾಡುತ್ತಾನೆ, ಮಂಗಳ ಆಗುತ್ತದೆ, ಪರದೆ ಇಳಿಯುತ್ತದೆ.

ಆಮೇಲೆ ಅವನು ಎದ್ದು ಕಿರೀಟವನ್ನು ಸೀನರಿಯವರ ಪೆಟ್ಟಿಗೆಗೆ ಒಪ್ಪಿಸಿ ಮನೆಗೆ ಹೋಗಿ ಹಸು ಕರೆಯುತ್ತಾನೆ. ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಾಗ ಅವನ ಕಿವಿಯ ಹಿಂದೆ ಅರ್ದಾಳದ ಹಳದಿ ಇನ್ನೂ ಉಳಿದಿರುತ್ತದೆ. ಮುಂದೆ ನಿಂತ ಮುದುಕ ತಿರುಗಿ ನೋಡಿ, "ಸಂಧಾನದ ಸೀನಲ್ಲಿ ಎರಡನೇ ಕಂದ ಎಳೆದ್ಬುಟ್ಟೆ ಕಣ್ಲಾ. ನಿಮ್ಮಪ್ಪ ಅದನ್ನ ಒಂದೇ ಉಸಿರಲ್ಲಿ ಏಳ್ತಿದ್ದ" ಎನ್ನುತ್ತಾನೆ. ಅವನು ತಲೆಯಾಡಿಸಿ, ಕ್ಯಾನು ಕೆಳಗಿಟ್ಟು, ಸಣ್ಣ ದನಿಯಲ್ಲಿ ಆ ಕಂದವನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾನೆ.